ಹೊಸ ಡ್ಯಾಂಪರ್ ಕೊಳ್ಳುವ ಮುಂಚೆ ಟ್ರಕ್ಕಿನ ಕೆಳಗೆ ಮಲಗಿ

ಒಂದು ಪ್ರಶ್ನೆಯಿಂದ ಶುರು ಮಾಡೋಣ. ಇಲ್ಲಿ ಯಾರ ಟ್ರಕ್ಕಿನ ಸ್ಟೀರಿಂಗ್ ನಡುಗುತ್ತದೆ, ಕೈ ಎತ್ತಿ. ಸರಿ. ಈಗ ಅದಕ್ಕಾಗಿ ಹೊಸ ಸ್ಟೀರಿಂಗ್ ಡ್ಯಾಂಪರ್, ಅಂದರೆ ಸ್ಟೀರಿಂಗಿನ ಕುಲುಕಾಟ ಹೀರಿಕೊಳ್ಳುವ ಶಾಕ್ ಅಬ್ಸಾರ್ಬರ್, ಹಾಕಿಸಿದವರು ಕೈ ಎತ್ತಿ. ನೋಡಿ, ಹೆಚ್ಚುಕಡಿಮೆ ಅವೇ ಕೈಗಳು. ಹಾಕಿಸಿದ ಮೇಲೂ ನಡುಗುತ್ತಿದೆ, ಅಲ್ವಾ?

ಇವತ್ತಿನ ಮಾತು ಒಂದೇ ಬಗೆಯ ಗಾಡಿಯ ಬಗ್ಗೆ. ಮುಂದೆ ಸಾಲಿಡ್ ಆಕ್ಸಲ್ (ಎರಡು ಚಕ್ರಕ್ಕೂ ಸೇರಿ ಒಂದೇ ಗಟ್ಟಿ ಅಚ್ಚು) ಇರುವ, ಮೈಯನ್ನು ಎರಡು ಮೂರು ಇಂಚು ಎತ್ತಿಸಿ, ಅಂದರೆ ಲಿಫ್ಟ್ ಮಾಡಿಸಿ, 35 ಇಂಚಿನ ಟೈರ್ ಹಾಕಿಸಿದ ಪಿಕಪ್. ಇಲ್ಲಿ ಟೆಕ್ಸಸ್‌ನಲ್ಲಿ ಅದು ಬಹುಪಾಲು ಫೋರ್ಡ್ ಎಫ್-250, ಎಫ್-350 ಅಥವಾ ರ‍್ಯಾಮ್ 2500 ಆಗಿರುತ್ತದೆ, ಅಲ್ಲೊಂದು ಇಲ್ಲೊಂದು ಜೀಪ್ ಗ್ಲಾಡಿಯೇಟರ್. ಎಫ್-150, ಸಿಲ್ವರಾಡೊ, ಟಕೋಮ ಇಟ್ಟುಕೊಂಡವರ ಮುಂದಿನ ಚಕ್ರಗಳು ಒಂದರ ಹಂಗು ಇನ್ನೊಂದಕ್ಕಿಲ್ಲದೆ ಮೇಲೆ ಕೆಳಗೆ ಆಡುತ್ತವೆ, ಅವರ ಕಥೆ ಬೇರೆ. ಆದರೂ ಕೂತು ಕೇಳಿ, ಊಟಕ್ಕೆ ಇನ್ನೂ ಹೊತ್ತಿದೆ.

ಮೊದಲ ತೊಂದರೆ ಏನಂದರೆ ಎಲ್ಲರೂ "ನಡುಗುತ್ತದೆ" ಅಂತ ಒಂದೇ ಮಾತು ಹೇಳುತ್ತಾರೆ. ಮೆಕ್ಯಾನಿಕ್ ಕೂಡ ಮುಂದೆ ಕೇಳುವುದಿಲ್ಲ. ಆದರೆ ಯಾವಾಗ ನಡುಗುತ್ತದೆ, ಎಷ್ಟು ಹೊತ್ತು ನಡುಗುತ್ತದೆ, ಏನು ಮಾಡಿದರೆ ನಿಲ್ಲುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. 60 ಮೈಲಿ ವೇಗಕ್ಕೆ ಸಣ್ಣಗೆ ಶುರುವಾಗಿ 70 ದಾಟಿದಾಗ ತಾನಾಗಿ ಹೋದರೆ ಅದು ಟೈರು, ರಿಮ್ಮು, ಬ್ಯಾಲೆನ್ಸಿನ ಸಮಸ್ಯೆ. ಸ್ಟೀರಿಂಗಿಗಿಂತ ಸೀಟು ಜಾಸ್ತಿ ನಡುಗಿದರೆ ಹಿಂದಿನ ಚಕ್ರ ನೋಡಿ. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ರೋಟರ್, ಅಂದರೆ ಬ್ರೇಕಿನ ತಟ್ಟೆ. ನೇರ ರಸ್ತೆಯಲ್ಲಿ ಗಾಡಿ ಆ ಕಡೆ ಈ ಕಡೆ ಅಲೆಯುತ್ತಿದೆ, ನೀವು ಸದಾ ತಿದ್ದುತ್ತಲೇ ಇರಬೇಕು ಅಂದರೆ ಕ್ಯಾಸ್ಟರ್ (ಮುಂದಿನ ಚಕ್ರ ತಿರುಗುವ ಕೀಲು ಹಿಂದಕ್ಕೆ ವಾಲಿರುವ ಓರೆ) ಕಡಿಮೆ ಇದೆ, ಇಲ್ಲವೇ ಸ್ಟೀರಿಂಗ್ ಬಾಕ್ಸಿನಲ್ಲಿ ಪ್ಲೇ, ಅಂದರೆ ಸಡಿಲದ ಆಟ, ಇದೆ. ಗುಂಡಿಗೆ ಬಿದ್ದಾಗ ಸ್ಟೀರಿಂಗ್ ಒಂದು ಸಲ ಪಕ್ಕಕ್ಕೆ ಎಳೆದು ಸುಮ್ಮನಾದರೆ ಅದು ಬಂಪ್ ಸ್ಟಿಯರ್.

ಇನ್ನು ನೀವೆಲ್ಲ ಹೆದರುವ ಐದನೆಯದು. ಐ-35 ಹೆದ್ದಾರಿಯಲ್ಲಿ ಹೋಗುತ್ತಿದ್ದೀರಿ, ಎಲ್ಲ ಚೆನ್ನಾಗಿದೆ, ಯಾವುದೋ ಸೇತುವೆಯ ಜಾಯಿಂಟ್ ಮೇಲೆ ಒಂದು ಚಕ್ರ ಸ್ವಲ್ಪ ಓರೆಯಾಗಿ ಹತ್ತಿತು, ಅಷ್ಟೇ. ಮುಂದಿನ ಆಕ್ಸಲ್ ಇಡಿಯಾಗಿ ಕುಣಿಯಲು ಶುರು ಮಾಡುತ್ತದೆ. ಕಪ್ ಹೋಲ್ಡರಿನಲ್ಲಿದ್ದ ಕಾಫಿ ಡ್ಯಾಶ್ ಮೇಲೆ. ವೇಗ ಇಳಿಸುವ ತನಕ ನಿಲ್ಲುವುದಿಲ್ಲ. ಇದಕ್ಕೆ ಇಲ್ಲಿನವರು ಡೆತ್ ವಾಬಲ್ ಅನ್ನುತ್ತಾರೆ. ಹೆಸರು ಸ್ವಲ್ಪ ನಾಟಕೀಯ, ಆದರೆ ಒಂದು ಸಲ ಅನುಭವಿಸಿದವರು ಯಾರೂ ಹೆಸರಿನ ಬಗ್ಗೆ ತಕರಾರು ಎತ್ತುವುದಿಲ್ಲ.

ಅದು ಬಂದಾಗ ಏನು ಮಾಡಬೇಕು ಅಂತ ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಮರೆತುಹೋಗುತ್ತದೆ. ಹೆಬ್ಬೆರಳನ್ನು ಸ್ಟೀರಿಂಗಿನ ಕಡ್ಡಿಗಳಿಂದ ಹೊರಗೆ ತೆಗೆಯಿರಿ. ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿಯಿರಿ, ಆದರೆ ಅದರ ಜೊತೆ ಕುಸ್ತಿಗೆ ಇಳಿಯಬೇಡಿ. ಆಕ್ಸಿಲರೇಟರ್ ಬಿಡಿ, ಬ್ರೇಕನ್ನು ಮೆಲ್ಲಗೆ ಒತ್ತುತ್ತಾ ಬಲಕ್ಕೆ ತಂದು ನಿಲ್ಲಿಸಿ. ವೇಗ ಹೆಚ್ಚಿಸಿ ದಾಟಿಬಿಡುತ್ತೇನೆ ಅನ್ನುವ ಸಾಹಸ ಬೇಡ. ಇನ್ನೊಂದು, ಹೀಗೆ ಪ್ರತಿ ಸಲ ಕುಣಿದಾಗಲೂ ಚಕ್ರ ತಿರುಗುವ ಕೀಲಾದ ಬಾಲ್ ಜಾಯಿಂಟು, ಎರಡು ಚಕ್ರಗಳನ್ನು ಕೂಡಿಸುವ ಟೈ ರಾಡ್ ಕಂಬಿಯ ಎಂಡುಗಳಿಗೆ ಏಟು ಬೀಳುತ್ತದೆ. ಒಂದು ಪಾರ್ಟ್ ಲೂಸಾಗಿ ಶುರುವಾದದ್ದು ಆರು ತಿಂಗಳು ಬಿಟ್ಟರೆ ನಾಲ್ಕು ಪಾರ್ಟಿನ ಖರ್ಚಾಗುತ್ತದೆ.

ಈಗ ಇದು ಯಾಕೆ ಆಗುತ್ತದೆ ನೋಡೋಣ. ಕಾಸ್ಟ್‌ಕೊದಲ್ಲಿ ಸಾಮಾನು ತುಂಬಿಕೊಂಡು ತಳ್ಳುವ ಗಾಡಿ ಇರುತ್ತದಲ್ಲ, ಅದರ ಮುಂದಿನ ಒಂದು ಚಕ್ರ ಜೋರಾಗಿ ತಳ್ಳಿದಾಗ ಪಟಪಟ ಅಂತ ಎಡಕ್ಕೂ ಬಲಕ್ಕೂ ಬಡಿದುಕೊಳ್ಳುತ್ತದೆ. ಮೆಲ್ಲಗೆ ತಳ್ಳಿದರೆ ಸುಮ್ಮನಿರುತ್ತದೆ. ನಿಮ್ಮ ಟ್ರಕ್ಕಿನಲ್ಲಿ ಆಗುವುದೂ ಇದೇ, ಆದರೆ ಟ್ರಕ್ಕಿನಲ್ಲಿ ಇದಕ್ಕೆ ಇನ್ನೊಂದು ಕುಮ್ಮಕ್ಕು ಇದೆ. ತಿರುಗುತ್ತಿರುವ ಭಾರದ ಚಕ್ರವನ್ನು ಒಂದು ಕಡೆಗೆ ವಾಲಿಸಿದರೆ ಅದು ಇನ್ನೊಂದು ದಿಕ್ಕಿಗೆ ತಿರುಗಲು ಹೋಗುತ್ತದೆ. ಗೈರೊಸ್ಕೋಪಿನ ಗುಣ ಅದು. ಸಾಲಿಡ್ ಆಕ್ಸಲಿನಲ್ಲಿ ಎಡ ಚಕ್ರ ಉಬ್ಬಿನ ಮೇಲೆ ಹತ್ತಿದರೆ ಆಕ್ಸಲ್ ಪೂರ್ತಿ ವಾಲುತ್ತದೆ, ಎರಡೂ ಚಕ್ರ ಒಟ್ಟಿಗೆ ವಾಲುತ್ತವೆ. ವಾಲಿದ ಕೂಡಲೇ ಎರಡೂ ಚಕ್ರ ಸ್ಟೀರಿಂಗ್ ತಿರುಗಿಸಿದ ಹಾಗೆ ಪಕ್ಕಕ್ಕೆ ತಿರುಗಲು ನೋಡುತ್ತವೆ. ತಿರುಗಿದರೆ ಅದರಿಂದ ಆಕ್ಸಲ್ ಮತ್ತೆ ವಾಲುತ್ತದೆ. ಒಂದು ಇನ್ನೊಂದನ್ನು ಎಬ್ಬಿಸುತ್ತದೆ, ಅದು ಇದನ್ನು ಎಬ್ಬಿಸುತ್ತದೆ. ಎಲ್ಲ ಜಾಯಿಂಟುಗಳೂ ಬಿಗಿಯಾಗಿದ್ದರೆ ಒಂದೆರಡು ಸುತ್ತಿನಲ್ಲಿ ಸತ್ತುಹೋಗುತ್ತದೆ. ಎಲ್ಲೋ ಒಂದು ಕಡೆ ಪ್ಲೇ ಇದ್ದರೆ ಚಕ್ರಕ್ಕೆ ಓಡಾಡಲು ಜಾಗ ಸಿಗುತ್ತದೆ, ನಡುಕ ಬೆಳೆಯುತ್ತದೆ.

ಇದು ಹೊಸ ಸಮಸ್ಯೆ ಏನಲ್ಲ. 1920ರ ದಶಕದಲ್ಲಿ ಹೆಚ್ಚುಕಡಿಮೆ ಎಲ್ಲ ಕಾರುಗಳೂ ಮುಂದೆ ಸಾಲಿಡ್ ಆಕ್ಸಲಿನವೇ. ಆಗ ಮೆತ್ತನೆಯ ಬಲೂನ್ ಟೈರುಗಳು ಬಂದವು, ಮುಂದಿನ ಚಕ್ರಕ್ಕೂ ಬ್ರೇಕ್ ಬಂತು, ಚಕ್ರದ ಭಾರ ಹೆಚ್ಚಿತು, ಕಾರುಗಳು ನಡುಗತೊಡಗಿದವು. ಶಿಮ್ಮಿ ಅಂತ ಕರೆದರು. ಆಗಿನ ಇಂಜಿನಿಯರುಗಳ ನಿದ್ದೆ ಕೆಡಿಸಿದ ಸಂಗತಿ ಇದು. ರೋಲ್ಸ್ ರಾಯ್ಸ್ ಬಿಟ್ಟು 1930ರಲ್ಲಿ ಕ್ಯಾಡಿಲಾಕ್ ಸೇರಿದ ಮಾರಿಸ್ ಆಲಿ ಮತ್ತು ಅವರ ಜೊತೆಗಾರರು ಕೆಲಸ ಮಾಡಿ, 1934ರ ಜನರಲ್ ಮೋಟರ್ಸ್ ಕಾರುಗಳಲ್ಲಿ ಮುಂದಿನ ಎರಡು ಚಕ್ರಗಳನ್ನು ಒಂದರಿಂದ ಒಂದು ಬಿಡಿಸಿಬಿಟ್ಟರು. ಅದೇ ಇಂಡಿಪೆಂಡೆಂಟ್ ಸಸ್ಪೆನ್ಷನ್. ಸವಾರಿ ಮೆತ್ತಗಾಗಬೇಕು ಅನ್ನುವುದು ಒಂದು ಕಾರಣ, ಶಿಮ್ಮಿ ಇನ್ನೊಂದು. ಕಾರುಗಳು ಅಲ್ಲಿಂದ ಮುಂದೆ ಹೋದವು. ಭಾರ ಹೊರುವ ಟ್ರಕ್ಕುಗಳಿಗೆ ಸಾಲಿಡ್ ಆಕ್ಸಲಿನ ಗಟ್ಟಿತನ ಬೇಕಿತ್ತು, ಹಾಗಾಗಿ ಆ ಗಟ್ಟಿತನದ ಜೊತೆ ನಡುಕದ ಗುಣವೂ ಅವುಗಳಲ್ಲೇ ಉಳಿಯಿತು.

ಫೋರ್ಡ್ ಸೂಪರ್ ಡ್ಯೂಟಿಯಲ್ಲಿ, ಅಂದರೆ ಈ ಎಫ್-250, ಎಫ್-350ಗಳಲ್ಲಿ, 2004ರ ತನಕ 4x4ಕ್ಕೆ ಮುಂದೆ ಲೀಫ್ ಸ್ಪ್ರಿಂಗ್ ಇತ್ತು. 2005ರಿಂದ ಕಾಯಿಲ್ ಸ್ಪ್ರಿಂಗ್ ಬಂತು. ಲೀಫ್ ಇದ್ದಾಗ ಆಕ್ಸಲ್ ಪಕ್ಕಕ್ಕೆ ಜರುಗದ ಹಾಗೆ ಹಿಡಿಯುವ ಕೆಲಸವನ್ನು ಮುಖ್ಯವಾಗಿ ಪಟ್ಟಿಗಳೇ ಮಾಡುತ್ತಿದ್ದವು. ಕಾಯಿಲ್‌ಗೆ ಆ ಶಕ್ತಿ ಇಲ್ಲ, ಅದು ಬರೀ ಮೇಲೆ ಕೆಳಗೆ. ಹಾಗಾಗಿ ಹಿಂದೆ ಮುಂದೆ ಹಿಡಿಯಲು ಎರಡು ರೇಡಿಯಸ್ ಆರ್ಮ್, ಎಡ ಬಲ ಹಿಡಿಯಲು ಒಂದೇ ಒಂದು ಅಡ್ಡ ಕಂಬಿ. ಅದೇ ಟ್ರ್ಯಾಕ್ ಬಾರ್. ಒಂದು ತುದಿ ಡ್ರೈವರ್ ಕಡೆಯ ಫ್ರೇಮಿಗೆ, ಇನ್ನೊಂದು ತುದಿ ಆ ಕಡೆಯ ಆಕ್ಸಲಿಗೆ. ಮುಂಭಾಗದ ಪೂರ್ತಿ ಅಡ್ಡ ಬಲ ಈ ಒಂದು ಕಂಬಿಯ ಎರಡು ಬೋಲ್ಟುಗಳ ಮೇಲೆ ನಿಂತಿದೆ. ಇದೊಂದನ್ನು ತಲೆಯಲ್ಲಿಟ್ಟುಕೊಳ್ಳಿ, ಮತ್ತೆ ಇಲ್ಲಿಗೇ ಬರುತ್ತೇನೆ.

ಲಿಫ್ಟ್ ಮಾಡಿದಾಗ ಏನಾಗುತ್ತದೆ? ಲಿಫ್ಟೇ ನಡುಕಕ್ಕೆ ಕಾರಣ ಅಂತ ಬಹಳ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಲಿಫ್ಟ್ ಮಾಡದ ಟ್ರಕ್ಕುಗಳೂ ಕುಣಿದಿವೆ, ಕಂಪನಿಯಿಂದ ಬಂದ ಹಾಗೇ ಇದ್ದ ಜೀಪುಗಳೂ ಕುಣಿದಿವೆ. ಲಿಫ್ಟ್ ಮಾಡುವುದೇನೆಂದರೆ ಗಾಡಿಯಲ್ಲಿ ಇದ್ದ ಚೂರುಪಾರು ತಾಳಿಕೆಯನ್ನು ತಿಂದುಹಾಕುತ್ತದೆ. ಮೊದಲು ಸ್ವಲ್ಪ ಸವೆದ ಬುಶ್ (ಜಾಯಿಂಟಿನೊಳಗಿನ ರಬ್ಬರ್ ತುಂಡು) ಇದ್ದರೂ ನಡೆಯುತ್ತಿತ್ತು, ಈಗ ನಡೆಯುವುದಿಲ್ಲ.

ಲೆಕ್ಕ ಹಾಕಿ ತೋರಿಸುತ್ತೇನೆ. ರೇಡಿಯಸ್ ಆರ್ಮ್ ಮೂರು ಅಡಿ ಉದ್ದ ಅಂದುಕೊಳ್ಳಿ. ಅದು ಆಕ್ಸಲಿಗೆ ಹಿಡಿದುಕೊಂಡಿದೆ, ಆರ್ಮ್ ಎಷ್ಟು ಓರೆಯಾಗುತ್ತದೋ ಆಕ್ಸಲ್ ಅಷ್ಟೇ ಹೊರಳುತ್ತದೆ. ನೀವು ಮುಂದೆ ಮಾತ್ರ ಎರಡೂವರೆ ಇಂಚು ಎತ್ತುವ ಲೆವೆಲಿಂಗ್ ಕಿಟ್ ಹಾಕಿದಿರಿ. ಆರ್ಮಿನ ಹಿಂದಿನ ತುದಿ ಇರುವ ಜಾಗದಲ್ಲಿ ಫ್ರೇಮ್ ಹೆಚ್ಚುಕಡಿಮೆ ಎರಡು ಇಂಚು ಮೇಲೆದ್ದಿರುತ್ತದೆ. 36 ಇಂಚಿಗೆ ಎರಡು ಇಂಚು ಅಂದರೆ ಮೂರು ಡಿಗ್ರಿ. ಅಷ್ಟೂ ನಿಮ್ಮ ಕ್ಯಾಸ್ಟರಿನಿಂದ ಕಳೆದುಹೋಯಿತು. ಮೊದಲು ಇದ್ದದ್ದೇ ಮೂರೂವರೆ ನಾಲ್ಕು ಡಿಗ್ರಿ ಆಗಿದ್ದರೆ ಉಳಿದದ್ದು ಎಷ್ಟು? ಸ್ಟೀರಿಂಗನ್ನು ತಾನಾಗಿ ನೇರಕ್ಕೆ ತರುವುದು ಆ ಕ್ಯಾಸ್ಟರ್. ಅದು ಇಲ್ಲ ಅಂದರೆ ತಿರುವಿನಿಂದ ಹೊರಬಂದ ಮೇಲೆ ಸ್ಟೀರಿಂಗನ್ನು ನೀವೇ ವಾಪಸ್ ತರಬೇಕಾಗುತ್ತದೆ. ಇದನ್ನು ಇವತ್ತೇ ಪಾರ್ಕಿಂಗ್ ಲಾಟಿನಲ್ಲಿ ನೋಡಬಹುದು, ಯಾವ ಯಂತ್ರವೂ ಬೇಡ.

ಟ್ರ್ಯಾಕ್ ಬಾರಿಗೂ ಇದೇ ಗತಿ. ಗಾಡಿ ಎದ್ದಾಗ ಆ ಕಂಬಿ ಇನ್ನಷ್ಟು ಓರೆಯಾಗುತ್ತದೆ, ಓರೆಯಾದ ಕಂಬಿಯ ಅಡ್ಡಳತೆ ಕಡಿಮೆಯಾಗುತ್ತದೆ, ಹಾಗಾಗಿ ಆಕ್ಸಲನ್ನು ಡ್ರೈವರ್ ಕಡೆಗೆ ಎಳೆಯುತ್ತದೆ. ಎರಡೂವರೆ ಇಂಚು ಲಿಫ್ಟಿಗೆ ಕಾಲು ಇಂಚು, ಅದಕ್ಕಿಂತ ತುಸು ಜಾಸ್ತಿ. ಕೆಲವರು ಇದನ್ನು ಸರಿಮಾಡಲು ಟ್ರ್ಯಾಕ್ ಬಾರಿನ ಬ್ರಾಕೆಟ್ಟನ್ನು ಮಾತ್ರ ಕೆಳಕ್ಕೆ ಇಳಿಸುತ್ತಾರೆ, ಸ್ಟೀರಿಂಗ್ ಬಾಕ್ಸಿನ ಕಡೆಯಿಂದ ಚಕ್ರವನ್ನು ತಳ್ಳುವ ಕಂಬಿ, ಡ್ರ್ಯಾಗ್ ಲಿಂಕನ್ನು ಹಾಗೇ ಬಿಡುತ್ತಾರೆ. ಆಗ ಬಂಪ್ ಸ್ಟಿಯರ್ ಶುರು. ಗಾಡಿಯ ಮುಂದೆ ನಿಂತು ಬಗ್ಗಿ ನೋಡಿ. ಟ್ರ್ಯಾಕ್ ಬಾರ್, ಡ್ರ್ಯಾಗ್ ಲಿಂಕ್ ಎರಡೂ ಒಂದೇ ಓರೆಯಲ್ಲಿ ಇರಬೇಕು. ಒಂದು ಜಾಸ್ತಿ ಓರೆ, ಒಂದು ಕಡಿಮೆ ಓರೆ ಕಂಡರೆ ಲಿಫ್ಟ್ ಅರ್ಧಂಬರ್ಧ ಆಗಿದೆ ಅಂತ ಅರ್ಥ.

ಹಳೆಯ ರ‍್ಯಾಮ್ ಇಟ್ಟುಕೊಂಡವರಿಗೆ ಒಂದು ಮಾತು. 2003ರಿಂದ 2008ರ ತನಕದ ಹಲವು ರ‍್ಯಾಮ್ 2500ಗಳಲ್ಲಿ ಟೈ ರಾಡ್ ನೇರವಾಗಿ ಒಂದು ಚಕ್ರದಿಂದ ಇನ್ನೊಂದಕ್ಕೆ ಹೋಗುವುದಿಲ್ಲ, ಡ್ರ್ಯಾಗ್ ಲಿಂಕಿನ ನಡುವೆ ಬಂದು ಸೇರುತ್ತದೆ. ಈ ಜೋಡಣೆಯಲ್ಲಿ ಗಾಡಿ ಮೇಲೆ ಕೆಳಗೆ ಆದಾಗಲೆಲ್ಲ ಟೋ, ಅಂದರೆ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ಇರುವ ಅಳತೆ, ಬದಲಾಗುತ್ತದೆ. ಲಿಫ್ಟ್ ಮಾಡಿ ಅಲೈನ್‌ಮೆಂಟ್ ಮಾಡಿಸದೆ ಓಡಿಸಿದರೆ ಟೈರಿನ ಅಂಚು ಹೇಗೆ ತಿಂದುಹೋಗುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಆಮೇಲೆ ಬಂದ ನೇರ ಟೈ ರಾಡಿನ ಜೋಡಣೆಯನ್ನು ಬಹಳ ಜನ ಹಳೆಯ ಟ್ರಕ್ಕಿಗೂ ಹಾಕಿಸಿಕೊಂಡಿದ್ದಾರೆ. ಒಳ್ಳೆಯ ಖರ್ಚು ಅದು.

ಸರಿ, ಈಗ ಹುಡುಕುವ ಕೆಲಸ. ದುಡ್ಡು ಖರ್ಚಾಗದ ಪರೀಕ್ಷೆಯಿಂದ ಶುರು ಮಾಡಿ. ಮೊದಲು ಟೈರಿನ ಗಾಳಿ. ಆಮೇಲೆ ಮುಂದಿನ ಟೈರುಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿ ಅದೇ ರಸ್ತೆಯಲ್ಲಿ ಓಡಿಸಿ. ನಡುಕ ಬದಲಾದರೆ, ಅಥವಾ ಸ್ಟೀರಿಂಗಿನಿಂದ ಸೀಟಿಗೆ ಬಂದರೆ, ಟೈರಿನ ಅಂಗಡಿಗೆ ಹೋಗಿ. ಫೋನಿನಲ್ಲಿ ಕಂಪನ ಅಳೆಯುವ ಆ್ಯಪ್ ಇದ್ದರೆ ಇನ್ನೂ ಒಳ್ಳೆಯದು, ಪಕ್ಕದಲ್ಲಿ ಕೂತವರ ಕೈಗೆ ಕೊಡಿ. 35 ಇಂಚಿನ ಟೈರಿನ ಸುತ್ತಳತೆ ಒಂಬತ್ತು ಅಡಿಗಿಂತ ಸ್ವಲ್ಪ ಜಾಸ್ತಿ, 60 ಮೈಲಿ ವೇಗದಲ್ಲಿ ಸೆಕೆಂಡಿಗೆ 88 ಅಡಿ ಹೋಗುತ್ತೀರಿ, ಅಂದರೆ ಚಕ್ರ ಸೆಕೆಂಡಿಗೆ ಸುಮಾರು ಒಂಬತ್ತೂವರೆ ಸುತ್ತು. ಆ್ಯಪ್ ಕೂಡ ಒಂಬತ್ತೂವರೆ ಹರ್ಟ್ಸ್ ಹತ್ತಿರ ತೋರಿಸಿ, ವೇಗ ಏರಿಸಿದ ಹಾಗೆ ಅದೂ ಏರಿದರೆ, ಚಕ್ರವೇ ಅಪರಾಧಿ. ಬ್ಯಾಲೆನ್ಸ್ ಮಾಡಿಸುವಾಗ ರೋಡ್ ಫೋರ್ಸ್ ಬ್ಯಾಲೆನ್ಸ್ ಅಂತ ಕೇಳಿ ಮಾಡಿಸಿ. ಭಾರ ಸಮ ಇದ್ದರೂ ಟೈರಿನ ಒಂದು ಕಡೆ ಗಟ್ಟಿ, ಒಂದು ಕಡೆ ಮೆತ್ತಗೆ ಇರಬಹುದು, ಮಾಮೂಲಿ ಯಂತ್ರಕ್ಕೆ ಅದು ಕಾಣುವುದಿಲ್ಲ.

ರಿಮ್ ಬಗ್ಗೆ ಹೇಳಿದರೆ ಕೆಲವರಿಗೆ ಬೇಜಾರಾಗುತ್ತದೆ, ಆದರೂ ಹೇಳುತ್ತೇನೆ. ಕಂಪನಿಯ ರಿಮ್ ಆಫ್‌ಸೆಟ್ (ರಿಮ್ಮಿನ ನಡುವಿನಿಂದ ಅದು ಹಬ್ಬಿಗೆ ಕೂರುವ ಮುಖಕ್ಕಿರುವ ದೂರ) ಸುಮಾರು +40 ಮಿಲಿಮೀಟರ್. ನೀವು ನೋಟಕ್ಕಾಗಿ −18ರದ್ದು ಹಾಕಿಸಿದಿರಿ. ಚಕ್ರದ ನಡು ಎರಡು ಇಂಚಿಗಿಂತ ಜಾಸ್ತಿ ಹೊರಗೆ ಹೋಯಿತು. ಈಗ ರಸ್ತೆಯ ಪ್ರತಿ ಏಟಿಗೂ ಸ್ಟೀರಿಂಗನ್ನು ತಿರುಗಿಸಲು ಉದ್ದದ ಸನ್ನೆ ಸಿಕ್ಕಿದೆ. ಚೆಂದ ಕಾಣುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಆ ಚೆಂದಕ್ಕೆ ಬಾಲ್ ಜಾಯಿಂಟು, ಬೇರಿಂಗು ಬೆಲೆ ತೆರುತ್ತವೆ.

ಟೈರು ಸರಿ ಇದೆ ಅಂತ ಖಾತ್ರಿ ಆದಮೇಲೆ ಮುಖ್ಯ ಪರೀಕ್ಷೆ. ಇದಕ್ಕೆ ಬೇಕಾಗುವುದು ಒಬ್ಬ ಜೊತೆಗಾರ, ಒಂದು ಟಾರ್ಚು, ನೆಲಕ್ಕೆ ಹಾಸಲು ಒಂದು ರಟ್ಟು. ಜ್ಯಾಕ್ ಬೇಡ. ಚಕ್ರಗಳು ನೆಲದ ಮೇಲೇ ಇರಬೇಕು, ಗಾಡಿಯ ಭಾರ ಅವುಗಳ ಮೇಲೆ ಇರಬೇಕು. ಪಾರ್ಕಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಅಡ್ಡ ಕೊಟ್ಟು, ಇಂಜಿನ್ ಚಾಲೂ ಇಟ್ಟುಕೊಳ್ಳಿ. ಪವರ್ ಸ್ಟೀರಿಂಗಿನ ಬಲ ಬೇಕು, ಕೈ ಬಲಕ್ಕೆ ಪ್ಲೇ ಕಾಣುವುದಿಲ್ಲ. ಜೊತೆಗಾರ ಸ್ಟೀರಿಂಗನ್ನು ಗಡಿಯಾರದ ಹತ್ತರಿಂದ ಎರಡಕ್ಕೆ, ಎರಡರಿಂದ ಹತ್ತಕ್ಕೆ ಒಂದೇ ಸಮನೆ ಆಡಿಸುತ್ತಿರಲಿ. ನೀವು ಕೆಳಗೆ ಮಲಗಿ ನೋಡಿ. ಗಂಡಸರು ಸಾಮಾನ್ಯವಾಗಿ ಹೆಂಡತಿಯನ್ನು ಸ್ಟೀರಿಂಗ್ ಮೇಲೆ ಕೂರಿಸಿ ತಾವು ಕೆಳಗೆ ಹೋಗುತ್ತಾರೆ. ಒಂದು ಸಲ ಅದಲು ಬದಲು ಮಾಡಿ ನೋಡಿ, ಹೊಸ ಕಣ್ಣಿಗೆ ಬೇಗ ಕಾಣುತ್ತದೆ. ನಾನು ತಮಾಷೆಗೆ ಹೇಳುತ್ತಿಲ್ಲ.

ನೋಡುವುದು ಹೇಗೆ? ಸ್ಟೀರಿಂಗ್ ಬಾಕ್ಸಿನಿಂದ ಶುರು ಮಾಡಿ. ಬಾಕ್ಸ್ ಫ್ರೇಮಿನ ಮೇಲೆ ಅಲುಗಬಾರದು. ಅಲುಗಿದರೆ ಬೋಲ್ಟ್ ಸಡಿಲ, ಅಥವಾ ಫ್ರೇಮ್ ಬಿರುಕು ಬಿಟ್ಟಿದೆ. ಆಮೇಲೆ ಪಿಟ್‌ಮನ್ ಆರ್ಮ್ (ಬಾಕ್ಸಿನಿಂದ ಹೊರಬರುವ ತೋಳು), ಡ್ರ್ಯಾಗ್ ಲಿಂಕಿನ ಎರಡು ತುದಿ, ಟೈ ರಾಡಿನ ಎರಡು ತುದಿ. ಪ್ರತಿ ಜಾಯಿಂಟಿನಲ್ಲೂ ಒಂದೇ ಪ್ರಶ್ನೆ: ಈ ಕಡೆಯ ಪಾರ್ಟ್ ಅಲುಗಿದ ಕ್ಷಣವೇ ಆ ಕಡೆಯ ಪಾರ್ಟೂ ಅಲುಗುತ್ತಿದೆಯಾ, ಇಲ್ಲ ನಡುವೆ ಸ್ವಲ್ಪ ತಡವಾಗಿ ಹೊರಡುತ್ತಿದೆಯಾ? ಕಣ್ಣಿಗೆ ಗೊತ್ತಾಗದಿದ್ದರೆ ಬೆರಳುಗಳನ್ನು ಎರಡೂ ಪಾರ್ಟಿನ ಮೇಲೆ ಬರುವ ಹಾಗೆ ಇಡಿ, ಸಂದಿಯೊಳಗೆ ಮಾತ್ರ ಬೇಡ. ಬೆರಳಿಗೆ ಟಕ್ ಅಂತ ತಾಗುತ್ತದೆ. ಕೊನೆಗೆ ಟ್ರ್ಯಾಕ್ ಬಾರ್. ಡ್ರ್ಯಾಗ್ ಲಿಂಕ್ ಚಕ್ರವನ್ನು ತಳ್ಳಿದಾಗ ಆಕ್ಸಲ್ ಆ ಕಡೆ ಜರುಗಲು ನೋಡುತ್ತದೆ, ಅದನ್ನು ತಡೆಯುವುದು ಟ್ರ್ಯಾಕ್ ಬಾರ್ ಒಂದೇ. ಹಾಗಾಗಿ ಈ ಪರೀಕ್ಷೆಯಲ್ಲಿ ಅತಿ ಹೆಚ್ಚು ಬಲ ಬೀಳುವುದು ಅದರ ಮೇಲೆ. ಡೆತ್ ವಾಬಲ್ ಇರುವ ಟ್ರಕ್ಕಿನಲ್ಲಿ ಮೊದಲ ಅನುಮಾನ ನನಗೆ ಯಾವಾಗಲೂ ಅದರ ಮೇಲೇ.

ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಪರಿಚಯದವರೊಬ್ಬರ 2012ರ ಎಫ್-250, ಎರಡೂವರೆ ಇಂಚಿನ ಲೆವೆಲಿಂಗ್ ಕಿಟ್ಟು, 35ರ ಟೈರು. ಡ್ಯಾಂಪರ್ ಹೊಸದು, ಬಾಲ್ ಜಾಯಿಂಟ್ ನಾಲ್ಕೂ ಹೊಸದು, ಅಲೈನ್‌ಮೆಂಟ್ ಎರಡು ಸಲ ಆಗಿತ್ತು. ನಡುಕ ಮಾತ್ರ ಹಳೆಯದೇ. ಕೆಳಗೆ ಮಲಗಿ ಸ್ಟೀರಿಂಗ್ ಆಡಿಸಿದಾಗ ಟ್ರ್ಯಾಕ್ ಬಾರಿನ ಆಕ್ಸಲ್ ತುದಿಯಲ್ಲಿ ಬುಶ್ ಹಿಂಡಿಕೊಳ್ಳುವುದು ಕಂಡಿತು. ಅಷ್ಟು ಸಹಜ, ರಬ್ಬರ್ ತಾನೇ. ಆದರೆ ಬೋಲ್ಟಿನ ತಲೆಯ ಕೆಳಗೆ ಬ್ರಾಕೆಟ್ ಮೇಲೆ ಒಂದು ಉಂಗುರ, ಬೆಳ್ಳಿ ಹಾಗೆ ಹೊಳೆಯುತ್ತಿತ್ತು. ಸುತ್ತಲೂ ಇರುವ ಲೋಹ ಎಲ್ಲ ಕಪ್ಪು, ಧೂಳು, ಎಣ್ಣೆ ಜಿಡ್ಡು. ಉಂಗುರದ ಕೆಳ ಅಂಚಿನಿಂದ ಕೆಂಪು ಪುಡಿ ಇಳಿದ ಗೆರೆ. ಲೋಹ ಲೋಹಕ್ಕೆ ಉಜ್ಜಿದಾಗ ಬರುವ ತುಕ್ಕಿನ ಪುಡಿ ಅದು. ಬೋಲ್ಟ್ ಬಿಚ್ಚಿ ನೋಡಿದರೆ ಬ್ರಾಕೆಟ್ಟಿನ ತೂತು ದುಂಡಗಿಲ್ಲ, ಅಡ್ಡಕ್ಕೆ ಉದ್ದವಾಗಿದೆ. ಬೋಲ್ಟಿನ ನಡುವೆ ಒಂದು ಮೆಟ್ಟಿಲು ಸವೆದಿದೆ.

ಹೇಗಾಯಿತು ಅಂತ ಊಹಿಸುವುದು ಕಷ್ಟವಲ್ಲ. ಕಿಟ್ ಹಾಕುವಾಗ ಆಕ್ಸಲನ್ನು ಕೆಳಗಿಳಿಸಲು ಟ್ರ್ಯಾಕ್ ಬಾರ್ ಬಿಚ್ಚಿದ್ದಾರೆ. ಹಾಕಿದವರು ಗಾಡಿ ಇನ್ನೂ ಗ್ಯಾರೇಜಿನ ಎತ್ತುವ ಯಂತ್ರದ ಮೇಲೆ ತೂಗಾಡುತ್ತಿರುವಾಗಲೇ ಬೋಲ್ಟ್ ಬಿಗಿ ಮಾಡಿದ್ದಾರೆ, ಅದೂ ಇಂಪ್ಯಾಕ್ಟ್ ಗನ್ನಿನಲ್ಲಿ, ಅಂದಾಜಿಗೆ. ಈ ಬೋಲ್ಟಿಗೆ ಮ್ಯಾನುವಲ್ ಹೇಳುವ ಟಾರ್ಕ್ (ಬಿಗಿಯ ಅಳತೆ) ನೂರಾರು ಪೌಂಡ್-ಅಡಿ, ಉದ್ದದ ಟಾರ್ಕ್ ರೆಂಚ್ ಇಲ್ಲದೆ ಆಗುವ ಕೆಲಸ ಅಲ್ಲ. ಎರಡನೆಯದು, ರಬ್ಬರ್ ಬುಶ್ ಇರುವ ಯಾವ ಬೋಲ್ಟನ್ನೂ ಚಕ್ರ ನೆಲಕ್ಕೆ ಮುಟ್ಟಿ ಗಾಡಿ ತನ್ನ ಎತ್ತರಕ್ಕೆ ಕೂತ ಮೇಲೆಯೇ ಕೊನೆಯ ಸಲ ಬಿಗಿ ಮಾಡಬೇಕು. ತೂಗಾಡುವಾಗ ಬಿಗಿ ಮಾಡಿದರೆ ಗಾಡಿ ಕೆಳಗಿಳಿದಾಗ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ.

ಆ ಟ್ರಕ್ಕಿಗೆ ಬೇಕಾದದ್ದು ಬ್ರಾಕೆಟ್ ರಿಪೇರಿ, ಹೊಸ ಬೋಲ್ಟ್, ಹೊಸ ಬುಶ್. ತೂತಿನ ಸುತ್ತ ಸರಿಯಾದ ಅಳತೆಯ ದಪ್ಪ ವಾಷರ್ ವೆಲ್ಡ್ ಮಾಡಿದರು. ಸುಮ್ನೆ ಹಳೆ ಬೋಲ್ಟನ್ನೇ ಇನ್ನಷ್ಟು ಬಿಗಿ ಮಾಡಿ ಕಳಿಸಿದ್ದರೆ ಒಂದು ವಾರ ಚೆನ್ನಾಗಿ ಓಡುತ್ತಿತ್ತು, ಆಮೇಲೆ ಮತ್ತೆ ಅದೇ. ಮೊಟ್ಟೆಯಾಕಾರದ ತೂತಿನಲ್ಲಿ ಬೋಲ್ಟ್ ಎಷ್ಟು ಬಿಗಿ ಇದ್ದರೂ ಒಂದು ದಿನ ಜರುಗುತ್ತದೆ.

ಇಷ್ಟು ನೋಡಿ ಏನೂ ಸಿಗಲಿಲ್ಲ ಅಂದರೆ ಈಗ ಜ್ಯಾಕ್ ತೆಗೆಯಿರಿ. ಆಕ್ಸಲಿನ ಕೆಳಗೆ ಸ್ಟ್ಯಾಂಡ್ ಕೊಟ್ಟು ಒಂದು ಚಕ್ರ ಎತ್ತಿ. ಚಕ್ರದ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಇಟ್ಟು ಅಲುಗಿಸಿ. ಲಟಕ್ ಅಂತ ಅಲುಗಿದರೆ ಬಾಲ್ ಜಾಯಿಂಟ್ ಅಥವಾ ಹಬ್ ಬೇರಿಂಗ್. ಯಾವುದು? ಜೊತೆಗಾರನಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಬ್ರೇಕ್ ಒತ್ತಿದಾಗ ಲಟಕ್ ಹೋದರೆ ಬೇರಿಂಗ್, ಉಳಿದರೆ ಬಾಲ್ ಜಾಯಿಂಟ್. ಈ ಒಂದು ಪರೀಕ್ಷೆ ಗೊತ್ತಿಲ್ಲದೆ ಎರಡನ್ನೂ ಬದಲಾಯಿಸಿ ಬಿಲ್ ಕಟ್ಟಿದವರು ಎಷ್ಟೋ ಜನ. ಆಮೇಲೆ ಟೈರಿನ ಕೆಳಗೆ ಒಂದು ಉದ್ದ ಸಲಾಕೆ ಕೊಟ್ಟು ಮೇಲಕ್ಕೆ ಎತ್ತಿ, ನಕಲ್, ಅಂದರೆ ಚಕ್ರ ಕೂತಿರುವ ಲೋಹದ ತುಂಡು, ಮೇಲೆ ಕೆಳಗೆ ಆಡುತ್ತದಾ ನೋಡಿ. ಹಾಗೇ ಎಡ ಬಲ ಹಿಡಿದು ಅಲುಗಿಸಿದರೆ ಟೈ ರಾಡ್ ಎಂಡ್ ಗೊತ್ತಾಗುತ್ತದೆ.

ಸ್ಟೀರಿಂಗ್ ಬಾಕ್ಸಿನ ಮೇಲೆ ಒಂದು ಅಡ್ಜಸ್ಟ್ ಸ್ಕ್ರೂ ಇದೆ, ಅದನ್ನು ಅರ್ಧ ಸುತ್ತು ಬಿಗಿ ಮಾಡಿ ಅಂತ ಎಲ್ಲ ಕಡೆ ಹೇಳುತ್ತಾರೆ. ಬೇಡ. ಬೇರೆ ಎಲ್ಲ ನೋಡಿ ಮುಗಿದ ಮೇಲೆ, ಇಂಜಿನ್ ಚಾಲೂ ಇದ್ದಾಗ ಬಾಕ್ಸಿನೊಳಗೆ ಪ್ಲೇ ಇರುವುದು ಕಣ್ಣಿಗೆ ಕಂಡ ಮೇಲೆ, ಮ್ಯಾನುವಲ್ ಹೇಳಿದ ಹಾಗೆ ಮಾಡಿ. ಜಾಸ್ತಿ ಬಿಗಿ ಮಾಡಿದರೆ ಸ್ಟೀರಿಂಗ್ ನೇರಕ್ಕೆ ಬರದೆ ಹಿಡಿದುಕೊಳ್ಳುತ್ತದೆ, ಬಾಕ್ಸ್ ಬೇಗ ಹಾಳಾಗುತ್ತದೆ.

ಅಲೈನ್‌ಮೆಂಟ್ ಕೊನೆಗೆ. ಲೂಸ್ ಪಾರ್ಟ್ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸಿದರೆ ಅಂಗಡಿಯ ಗೇಟು ದಾಟುವಷ್ಟರಲ್ಲಿ ಅದು ಬದಲಾಗಿರುತ್ತದೆ. ಮಾಡಿಸಿದಾಗ ಪ್ರಿಂಟ್ ಕೇಳಿ ಪಡೆಯಿರಿ. "ಎಲ್ಲ ಹಸಿರು ಬಂತು ಸಾರ್" ಅನ್ನುವುದು ಉತ್ತರ ಅಲ್ಲ. ಎರಡೂ ಕಡೆಯ ಕ್ಯಾಸ್ಟರ್ ಎಷ್ಟು, ಟೋ ಎಷ್ಟು ಅಂತ ಅಂಕಿ ನೋಡಿ. ಲಿಫ್ಟ್ ಮಾಡಿದ ಎಫ್-250ಗೆ ಕ್ಯಾಸ್ಟರ್ ಮೂರೂವರೆಯಿಂದ ಐದು ಡಿಗ್ರಿ ಇದ್ದರೆ ನನಗೆ ಸಮಾಧಾನ. ಕಡಿಮೆ ಇದ್ದರೆ ಫೋರ್ಡಿನಲ್ಲಿ ಮೇಲಿನ ಬಾಲ್ ಜಾಯಿಂಟಿನ ಓರೆ ಬುಶ್ ಬದಲಾಯಿಸಬಹುದು, ಅಥವಾ ರೇಡಿಯಸ್ ಆರ್ಮಿನ ಹಿಂದಿನ ಬ್ರಾಕೆಟ್ ಇಳಿಸಬಹುದು. ಟೋ ಸ್ವಲ್ಪ ಒಳಕ್ಕೆ ಇರಲಿ, ಹದಿನಾರನೇ ಒಂದರಿಂದ ಎಂಟನೇ ಒಂದು ಇಂಚು. ಇದನ್ನು ಮನೆಯಲ್ಲೇ ಟೇಪಿನಲ್ಲಿ ಅಳೆಯಬಹುದು: ಎರಡೂ ಟೈರಿನ ಒಂದೇ ಗೀರಿನಿಂದ ಗೀರಿಗೆ, ಟೈರಿನ ಮುಂದೆ ಒಂದು ಸಲ, ಹಿಂದೆ ಒಂದು ಸಲ, ಒಂದೇ ಎತ್ತರದಲ್ಲಿ.

ಈಗ ಡ್ಯಾಂಪರ್. ಅದು ಕೆಟ್ಟ ಪಾರ್ಟ್ ಅಲ್ಲ. ಒಳ್ಳೆಯ ಡ್ಯಾಂಪರ್ ಇರಬೇಕು, ಎಣ್ಣೆ ಸೋರುತ್ತಿದ್ದರೆ ಬದಲಾಯಿಸಲೇಬೇಕು. ಕಂಪನಿಗಳೂ ಆ ದಾರಿ ಹಿಡಿದದ್ದುಂಟು. ಹೊಸ ರ‍್ಯಾಂಗ್ಲರ್, ಗ್ಲಾಡಿಯೇಟರುಗಳಲ್ಲಿ ನಡುಕದ ದೂರು ಬಂದಾಗ 2019ರಲ್ಲಿ ಜೀಪ್ ಕಂಪನಿ ಡ್ಯಾಂಪರನ್ನು ಪುಕ್ಕಟೆ ಬದಲಾಯಿಸಿಕೊಟ್ಟಿತು. ಆದರೆ ಅವು ಹೊಸ ಗಾಡಿಗಳು. ಲಕ್ಷ ಮೈಲಿ ಓಡಿದ, ಎತ್ತಿಸಿದ ಟ್ರಕ್ಕಿನಲ್ಲಿ ಡ್ಯಾಂಪರ್ ಬದಲಾಯಿಸಿದ ಕೂಡಲೇ ನಡುಕ ನಿಂತರೆ ಖುಷಿಪಡುವ ಬದಲು ಅನುಮಾನಪಡಿ. ಸವೆದ ಜಾಯಿಂಟ್ ಅಲ್ಲೇ ಇದೆ, ಸವೆಯುತ್ತಲೇ ಇದೆ, ನಿಮಗೆ ಕೇಳಿಸುತ್ತಿಲ್ಲ ಅಷ್ಟೆ. ನನ್ನ ಸಲಹೆ ಏನಂದರೆ ಕೆಳಗೆ ಮಲಗಿ ಪರೀಕ್ಷೆ ಮಾಡುವಾಗ ಡ್ಯಾಂಪರಿನ ಒಂದು ತುದಿ ಬಿಚ್ಚಿಡಿ. ಅದಿಲ್ಲದೆ ಎಲ್ಲ ಪ್ಲೇ ಇನ್ನೂ ಚೆನ್ನಾಗಿ ಕಾಣುತ್ತದೆ. ಆಮೇಲೆ ವಾಪಸ್ ಹಾಕಿಯೇ ರಸ್ತೆಗೆ ಇಳಿಯಿರಿ.

ರಿಪೇರಿ ಆದ ಮೇಲೆ ಪ್ರತಿ ಬೋಲ್ಟಿಗೂ ತಲೆಯಿಂದ ಬ್ರಾಕೆಟ್ ತನಕ ಬಣ್ಣದ ಒಂದು ಗೆರೆ ಎಳೆಯಿರಿ. ಐನೂರು ಮೈಲಿ ಓಡಿಸಿ ಮತ್ತೆ ನೋಡಿ. ಗೆರೆ ಮುರಿದಿದ್ದರೆ ಬೋಲ್ಟ್ ತಿರುಗಿದೆ. ಗೆರೆ ಸರಿ ಇದ್ದರೂ ಟಾರ್ಕ್ ರೆಂಚ್ ಹಾಕಿ ಒಂದು ಸಲ ಪರೀಕ್ಷಿಸಿ.

ಪ್ರಶ್ನೆಗಳಿಗೆ ಬರೋಣ. ನಾಲ್ಕು ಡಿಗ್ರಿ ಒಳ್ಳೆಯದಾದರೆ ಎಂಟು ಇನ್ನೂ ಒಳ್ಳೆಯದಲ್ವಾ ಅಂತ ಕೇಳುತ್ತಿದ್ದಾರೆ. ಅಲ್ಲ. ಜಾಸ್ತಿ ಕ್ಯಾಸ್ಟರ್ ಕೊಟ್ಟರೆ ಸ್ಟೀರಿಂಗ್ ಭಾರವಾಗುತ್ತದೆ, ರಸ್ತೆಯ ಏಟು ಸ್ಟೀರಿಂಗಿಗೆ ಜಾಸ್ತಿ ಬರುತ್ತದೆ, ಕೆಲವು ಗಾಡಿಗಳಲ್ಲಿ ನಡುಕವೇ ಜಾಸ್ತಿಯಾಗುತ್ತದೆ. ಮೇಲಾಗಿ ಆಕ್ಸಲನ್ನೇ ಹೊರಳಿಸಿ ಕ್ಯಾಸ್ಟರ್ ತೆಗೆದುಕೊಂಡರೆ ಡ್ರೈವ್ ಶಾಫ್ಟ್ ಬಂದು ಸೇರುವ ಪಿನಿಯನ್ ಮೂತಿ ಕೆಳಕ್ಕೆ ಇಳಿಯುತ್ತದೆ, 4x4 ಹಾಕಿದಾಗ ಡ್ರೈವ್ ಶಾಫ್ಟ್ ಗುಂಯ್‌ಗುಡುತ್ತದೆ. ಅದನ್ನು ಹುಡುಕಲು ಇನ್ನೊಂದು ಉಪನ್ಯಾಸ ಬೇಕು.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಏನು ನೋಡಬೇಕು ಅಂತ ಇನ್ನೊಬ್ಬರು. ಮುಂಭಾಗ ಎಲ್ಲ ಧೂಳು ಹಿಡಿದು, ಡ್ಯಾಂಪರ್ ಒಂದು ಮಾತ್ರ ಪಳಪಳ ಹೊಸದಾಗಿದ್ದರೆ, ಅಥವಾ ಎರಡೆರಡು ಡ್ಯಾಂಪರ್ ಕೂತಿದ್ದರೆ, ಯಾಕೆ ಅಂತ ಕೇಳಿ. ಮಾರುವವರು ಟ್ರಯಲ್ ಕೊಡುವ ರಸ್ತೆ ಬಿಟ್ಟು ನಿಮಗೆ ಗೊತ್ತಿರುವ ಕೆಟ್ಟ ಸೇತುವೆಯ ಮೇಲೆ ಓಡಿಸಿ.

ಊರಿನಲ್ಲಿರುವ ತಮ್ಮ ತನ್ನ ಇಸುಜು ವಿ-ಕ್ರಾಸ್ ಪಿಕಪ್ ಎತ್ತಿಸಬೇಕು ಅಂತಿದ್ದಾನೆ, ಈ ತೊಂದರೆ ಬರುತ್ತದಾ ಅನ್ನುವುದು ಕೊನೆಯ ಪ್ರಶ್ನೆ. ವಿ-ಕ್ರಾಸ್, ಹೈಲಕ್ಸ್ ಎರಡೂ ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ ಗಾಡಿಗಳು. ಈ ಬಗೆಯ ಕುಣಿತ ಅವುಗಳಲ್ಲಿ ಬರುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಎತ್ತಿಸಿದರೆ ಅಲ್ಲಿ ಸಾಯುವುದು ಮೇಲಿನ ಬಾಲ್ ಜಾಯಿಂಟ್, ಡ್ರೈವ್ ಶಾಫ್ಟಿನ ಬೂಟು, ಟೈರಿನ ಒಳ ಅಂಚು. ಅದಕ್ಕಿಂತ ಮುಂಚೆ ಕಾನೂನು ನೋಡಿಕೊಳ್ಳಲಿ. ಕಂಪನಿಯ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಕಡೆ ಈ ನಡುಕ ಹುಡುಕಬೇಕಾದರೆ ಮಲೆನಾಡಿನ ಎಸ್ಟೇಟುಗಳಲ್ಲಿ ಓಡುವ ಹಳೆಯ ಮಹೀಂದ್ರ ಜೀಪು, ಮಾರುತಿ ಜಿಪ್ಸಿಗಳನ್ನು ನೋಡಬೇಕು. ಸಾಲಿಡ್ ಆಕ್ಸಲ್, ಲೀಫ್ ಸ್ಪ್ರಿಂಗ್. ಜಿಪ್ಸಿಯಲ್ಲಿ ಮೊದಲು ನೋಡುವುದು ಚಕ್ರ ಎಡ ಬಲ ತಿರುಗುವ ಕೀಲಿನ ಕಿಂಗ್‌ಪಿನ್ ಬೇರಿಂಗ್. ಟೈ ರಾಡ್ ಬಿಚ್ಚಿ, ನಕಲ್ ತೋಳಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು ನೋಡುತ್ತಾರೆ. ಎಳೆಯಲು ಬಲವೇ ಬೇಡ, ಬೆರಳಲ್ಲಿ ತಿರುಗುತ್ತದೆ ಅಂದರೆ ಬೇರಿಂಗ್ ಸಡಿಲವಾಗಿದೆ. ಬೇರಿಂಗ್ ಚೆನ್ನಾಗಿದ್ದರೆ ಒಂದು ಶಿಮ್ (ತೆಳು ಲೋಹದ ಹಾಳೆ) ತೆಗೆದು ಮತ್ತೆ ಬಿಗಿ ಮಾಡುತ್ತಾರೆ, ಗುಳಿ ಬಿದ್ದಿದ್ದರೆ ಹೊಸದು ಹಾಕುತ್ತಾರೆ.